ಬೀಗತಿಯ ಮಜ್ಜಿಗಿ

ಆಕಿ ನಮ್ಮ ಮನಿಗೆ ಮೊದಲ್ನೇ ಸಲ ಬಂದಾಗ, ಚಾ ಕುಡಿಯೂ ಮೊದ್ಲ ಕಪ್ಪು ಎತ್ತಿ ಮೂಗಿಗೆ ಹಿಡಕೊಂಡು ಮೂಸಿ ನೋಡಿದ್ಳು. ಹೆಣ್ಣು ನೋಡಾಕ ಬಂದ ಮನ್ಯಾಗ, ಹನ್ನೆರಡು ಮಂದಿ ಕುಂತಾಗ. ಮೂಸಿ, ಕಪ್ಪು ಬಶಿ ಎರಡೂ ಕೆಳಗ ಇಟ್ಟು, ತೊಳದ ಸಾಬೂನು ಇನ್ನೂ ಹೋಗಿಲ್ಲ, ಒಮ್ಮೆ ನೀರಾಗ ಅದ್ದಿ ಕೊಡ್ರಿ ಅಂದ್ಳು. ನಮ್ಮದು ವಿಜಯಪುರದ ಗಾಂಧಿ ಚೌಕದಾಗ ಮೂವತ್ತು ವರ್ಷದಿಂದ ಭಾಂಡಿ ಅಂಗಡಿ ಇಟ್ಟ ಮನಿ. ಊರಿಗೆಲ್ಲ ಭಾಂಡಿ ಮಾರವರ ಮನ್ಯಾಗ ಭಾಂಡಿ ತೊಳಿಯಾಕ ಬರಂಗಿಲ್ಲ ಅಂದಂಗಾತು. ನಾ ಒಳಗ ಹೋದೆ, ಅದೇ ಕಪ್ಪು ಸೆರಗಿಲೆ ಒರಸಿದೆ, ಅದೇ ಚಾ ಅದರಾಗ ಸುರುವಿ ತಂದು ಮುಂದ ಇಟ್ಟೆ. ಆಕಿ ಕುಡದು, ಈಗ ಚಲೋ ಆತು ನೋಡ್ರಿ ಅಂದ್ಳು. ಅವತ್ತ ನಾನ ಗೆದ್ದೆ ಅನ್ಕೊಂಡಿದ್ದೆ.

ಆಕಿ ನನ್ನ ಮಗಳು ಸವಿತಾನ ಅತ್ತಿ, ನನಗ ಬೀಗತಿ. ಬಬಲೇಶ್ವರ ಕಡಿ ನಿಡೋಣಿ ಊರು, ದ್ರಾಕ್ಷಿ ತ್ವಾಟ, ನಾಕು ಎಮ್ಮಿ, ಎರಡು ಗಂಡಮಕ್ಕಳು, ಇಬ್ಬರು ಸೊಸ್ತ್ಯಾರು. ಹೋದ ತಿಂಗಳ ತೀರಿಕೊಂಡ್ಳು. ಮಣ್ಣಿಗೆ ಬಂದವರೆಲ್ಲ ಅಂಥಾ ಹೆಣಮಗಳು ಮತ್ತ ಸಿಗಂಗಿಲ್ಲ ಅಂತ ಅತ್ತರು. ಖರೇನ, ಸಿಗಬಾರದು. ಆಕಿ ಹೆಸರು ನಾ ಇಲ್ಲಿ ಹೇಳಂಗಿಲ್ಲ. ಆಕಿ ಮೊಮ್ಮಗಳು ನನಗೂ ಮೊಮ್ಮಗಳು, ನಾಳೆ ದೊಡ್ಡಾಕಿ ಆಗಿ ಓದಿ ನನ್ನ ಕೂಡ ಜಗಳಕ್ಕ ನಿಂತಾಳು. ಸತ್ತವರಿಗೆ 'ಅವರು' ಅಂತ ಬರೀಬೇಕು ಅಂತ ನಮ್ಮ ಮನಿಯವರು ಹೇಳಿದ್ರು. ಬದುಕಿದ್ದಾಗ ಎದುರಿಗೆ ಬೇಕಾದಷ್ಟು 'ರಿ' ಹಚ್ಚಿ ಮಾತಾಡೀನಿ, ಇನ್ನ ಸಾಕು.

ಆಕಿಗೆ ಏನೇನು ಸೇರ್ತಿರಲಿಲ್ಲ ಅಂತ ಹೇಳಾಕ ಕುಂತ್ರ ಹೊತ್ತು ಮುಳಗತೈತಿ. ರೊಟ್ಟಿ ಎರಡೂ ಕೈಲೆ ಮುರದು ತಿನ್ನವರು ಸೇರ್ತಿರಲಿಲ್ಲ. ಸಾರಿನ ಸೌಟು ಪಲ್ಲೆದಾಗ ಅದ್ದವರು ಸೇರ್ತಿರಲಿಲ್ಲ. ಬಾಗಲಾ ಬಡದು, ಒಳಗಿಂದ ಬಂದೆ ಬಂದೆ ಅಂದ ಮ್ಯಾಲೂ ಮತ್ತ ಬಡಿಯವರನ್ನ ಕಂಡ್ರ ಬಾಗಲಾ ತಗದು ಒಳಗ ಕರೀತಿರಲಿಲ್ಲ, ಅಲ್ಲೇ ನಿಂದ್ರಿಸಿ ಮಾತಾಡಿ ಕಳಸ್ತಿದ್ಳು. ಬಡಿಸೂ ಮುಂದ ಸಾಕು ಸಾಕು ಅಂತ ತಾಟಿಗೆ ಕೈ ಅಡ್ಡ ಹಿಡಿದು, ಬೆರಳ ಸಂದ್ಯಾಗಿಂದ ಹೋಳಿಗಿ ನೋಡವರಿಗೆ ಮತ್ತ ಬಡಸ್ತಿರಲಿಲ್ಲ. ಬಾಯಿಲೆ ಬ್ಯಾಡ ಅಂದ್ರಲ್ಲ, ಬಾಯಿಗೆ ಬೆಲೆ ಬ್ಯಾಡೇನು ಅಂತ ಕೇಳ್ತಿದ್ಳು. ಡಬ್ಬಿ ಮುಚ್ಚಳ ಅರ್ಧ ಮುಚ್ಚೂದು ಅಂದ್ರ ಇಲಿಗೆ ಕುಂಕುಮ ಹಚ್ಚಿ ಊಟಕ್ಕ ಕರದಂಗ ಅಂತಿದ್ಳು. ನಮ್ಮ ಮನ್ಯಾಗ ಅರ್ಧ ಡಬ್ಬಿ ಹಂಗ ಇರ್ತಾವ. ಬಂದಾಗೊಮ್ಮೆ ಆಕಿ ಮಾತಾಡ್ತ ಮಾತಾಡ್ತ ಒಂದೊಂದ ಡಬ್ಬಿ ಮುಚ್ಚಿಕೋತ ಅಡಗಿಮನಿ ಸುತ್ತ ಹಾಕ್ತಿದ್ಳು.

ನಮ್ಮ ಮನಿಯವರು ಉಂಡ ಮ್ಯಾಲ ತಾಟಿನ್ಯಾಗ ಕೈ ತೊಳಿಯೋರು. ಸವಿತಾನ ಲಗ್ನಾದ ಹೊಸತರಾಗ ಬೀಗರನ್ನ ಊಟಕ್ಕ ಕರದಿದ್ವಿ. ಇವರು ಉಂಡು, ತಾಟಿನ್ಯಾಗ ನೀರು ಸುರುವಿಕೊಂಡು ಕೈ ತೊಳದ್ರು. ಆಕಿ ಬೀಗರ ಕೂಡ ನೇರ ಮಾತಾಡಬಾರದಲ್ಲ, ಮಾರಿ ಗ್ವಾಡಿ ಕಡಿಗೆ ತಿರಿವಿ, ಉಣ್ಣಾಕ ತಾಟು ಮಾಡ್ಯಾರ, ತೊಳಿಯಾಕ ಬಚ್ಚಲ ಕಟ್ಟ್ಯಾರ, ಕಟ್ಟಿದವರೇನು ಹುಚ್ಚರಲ್ಲ ಅಂತ ಗ್ವಾಡಿಗೆ ಹೇಳಿದ್ಳು. ಮರುದಿನದಿಂದ ನಮ್ಮ ಮನಿಯವರು ಎದ್ದು ಬಚ್ಚಲಕ್ಕ ಹೋಗಾಕತ್ರು. ಇಪ್ಪತ್ತೈದು ವರ್ಷ ನಾ ಬಡಕೊಂಡ್ರೂ ಕೇಳಿರಲಿಲ್ಲ. ಆಕಿ ಒಮ್ಮೆ ಗ್ವಾಡಿಗೆ ಹೇಳಿದ್ದಕ್ಕ ಕೇಳಿದ್ರು. ನನಗ ಕೈ ತೊಳದದ್ದಕ್ಕಿಂತ ಇದರ ಸಿಟ್ಟು ಹೆಚ್ಚಾತು, ಇವತ್ತಿಗೂ ಐತಿ.

ಇನ್ನ ಊಟದ ಮ್ಯಾಲ ಆಕಿ ಮಾತು ಕೇಳ್ರಿ. ಶೇಂಗಾ ಹಿಂಡಿ ಒಳ್ಳಾಗ ಕುಟ್ಟಬೇಕು, ಮಿಕ್ಸರದಾಗ ತಿರಿವಿದ್ದು ಹಿಂಡಿ ಅಲ್ಲ, ಅದು ಶೇಂಗಾದ ಧೂಳು. ವಿಜಯಪುರದವರ ರೊಟ್ಟಿ ಅಂದ್ರ ಅಂಗಡ್ಯಾಗ ಸಾಮಾನ ಸುತ್ತಿ ಕೊಡೂ ಕಾಗದ. ಸಾರಿಗೆ ಬೆಲ್ಲ ಹಾಕೂ ಮಂದಿ ಪಾಯಸಕ್ಕ ಖಾರ ಹಾಕಾಕೂ ಹೇಸಂಗಿಲ್ಲ. ಉಳ್ಳಾಗಡ್ಡಿ ಚಾಕುಲೆ ಕೊಯ್ದ್ರ ಸತ್ತು ಹೋಗತೈತಿ, ಗುದ್ದಿ ತಿನಬೇಕು. ನಮ್ಮ ಹೊಸಾ ಹಾಸಗಲ್ಲಿನ ಮ್ಯಾಲ ಉಳ್ಳಾಗಡ್ಡಿ ಇಟ್ಟು ಮುಷ್ಟಿಲೆ ಗುದ್ದಿದ್ಳು, ಸಿಪ್ಪಿ ಹಾರಿ ದೇವರ ಜಗಲಿಗೆ ಹೋಗಿ ಬಿತ್ತು. ನಾ ಬೆಳಗಿನ ಐದಕ್ಕ ಎದ್ದು ಮಾಡಿದ ಬದನಿಕಾಯಿ ಎಣ್ಣಿಗಾಯಿ ಉಂಡು, ಬೆರಳ ನೆಕ್ಕಿ, "ಕಾಯಿ ಭಾಳ ಚಲೋ ಅದಾವ ಬೀಗತ್ಯಾರ, ಯಾರ ಕಡೆ ತಂದ್ರಿ?" ಅಂತ ಕೇಳಿದ್ಳು. ಕಾಯಿ ಚಲೋ ಅಂತ! ಮಾಡಿದಾಕಿ ಎದುರಿಗೆ ಸೌಟು ಹಿಡಕೊಂಡು ನಿಂತಾಳ, ಹೊಗಳಿಕಿ ಸಂತಿಗೆ ಹೋತು. ಊಟ ಬಲ್ಲವಗ ರೋಗ ಇಲ್ಲ, ಮಾತು ಬಲ್ಲವಗ ಜಗಳ ಇಲ್ಲ ಅಂತಾರ. ಆಕಿ ಅದರಾಗ ಮೊದಲ್ನೇ ಅರ್ಧ ಅಷ್ಟ ಕಲತಿದ್ಳು.

ಒಂದು ಮಾತ್ರ ಒಪ್ಪಬೇಕು, ಆಕಿ ಮಜ್ಜಿಗಿ. ದಿನಾ ಬೆಳಿಗ್ಗೆ ಕಡಗೋಲು ಹಚ್ಚಿ ತಾನ ಕಡೀತಿದ್ಳು. ಮಜ್ಜಿಗಿ ಮಾರಬಾರದು ಅನ್ನೂ ಮನಿತನ, ಓಣಿ ಮಂದಿ ತಂಬಿಗಿ ಹಿಡಕೊಂಡು ಬಂದು ಒಯ್ಯೋರು. ಇಂಗು ಇಲ್ಲ, ಒಗ್ಗರಣಿ ಇಲ್ಲ, ಬರೇ ಉಪ್ಪು. ನಾ ಕುಡದು ಚಲೋ ಐತಿ ಅಂತ ಎಂದೂ ಅನ್ನಲಿಲ್ಲ, ಆದ್ರ ಎರಡನೇ ಲೋಟಾ ಕೇಳ್ತಿದ್ದೆ. ಆಕಿ ಸುರುವೂ ಮುಂದ ಮೀಸಿ ಇಲ್ಲದ ಜಾಗಾದಾಗ ನಗ್ತಿದ್ಳು.

ಆ ಮನ್ಯಾಗ ಒಂದು ಕಾಯ್ದೆ ಇತ್ತು, ಯಾರ ಕೈಲೆ ತಪ್ಪಾತೋ ಅವರ ಬಾಯಿಲೆ ಬರಬೇಕು. ಹಾಲು ಉಕ್ಕಿ ಹೋತು ಅಂದ್ರ, ಉಕ್ಕಿತು ಅನ್ನಂಗಿಲ್ಲ. 'ನಾ ಉಕ್ಕಿಸಿದೆ' ಅನ್ನಬೇಕು. ಹಂಗ ಅಂದ್ರ ಮುಗೀತು, ಆ ಮ್ಯಾಲ ಒಂದು ಮಾತು ಬೈತಿರಲಿಲ್ಲ. ಅನ್ನಲಿಲ್ಲಂದ್ರ ವಾರಗಟ್ಲೆ ಊಟಕ್ಕ ಕುಂತಾಗೊಮ್ಮೆ ಹಾಲಿನ ಸುದ್ದಿ. ಆಕಿ ಹಿರೇ ಮಗ, ಎರಡು ಮಕ್ಕಳ ತಂದಿ, ತ್ವಾಟದಾಗ ಮೋಟರ್ ಬಂದ್ ಮಾಡೂದು ಮರತು ನೀರು ಹರದು ಹೋದಾಗ, ಅಂಗಳದಾಗ ನಿಂತು 'ನಾ ಮರತೆ ಅವ್ವಾ' ಅಂದದ್ದು ನಾನ ಕಣ್ಣಾರೆ ನೋಡೀನಿ. ಅಂದ ಮ್ಯಾಲ ಆಕಿ ಅವಗ ತುಪ್ಪ ಹಾಕಿ ಬಡಿಸಿದ್ಳು. ತನಗೂ ಅದೇ ಕಾಯ್ದೆ. ಒಮ್ಮೆ ನಲವತ್ತು ಮಂದಿ ಪಂಕ್ತಿಗೆ ಕುಂತಾಗ, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಸೊಸ್ತ್ಯಾರ ಮ್ಯಾಲ ಹಾಕಬಹುದಿತ್ತು. ಪಂಕ್ತಿ ತಲಿಗೆ ನಿಂತು, ಉಪ್ಪು ನಾ ಎರಡು ಸಲ ಹಾಕೀನಿ, ಮಾರಿ ಕಿವಚಬ್ಯಾಡ್ರಿ, ಅನ್ನ ಹೆಚ್ಚು ಕಲಸ್ಕೊಳ್ರಿ ಅಂದ್ಳು. ಎಲ್ಲಾರೂ ನಕ್ಕು ಉಂಡ್ರು. ನನಗ ಆಕಿ ಅಲ್ಲೂ ದೊಡ್ಡಸ್ತಿಕಿ ತೋರಸಾಕತ್ತಾಳ ಅನಸ್ತು.

ಈಗ ಬುತ್ತಿ ಸುದ್ದಿ ಹೇಳಬೇಕು. ಇದನ್ನ ಹೇಳದೇ ಆಕಿ ಬಗ್ಗೆ ಏನ ಬರದ್ರೂ ಅರ್ಧ ಸುಳ್ಳ ಆಗತೈತಿ.

ಸವಿತಾ ಬಸರಾದ್ಳು. ನಮ್ಮ ಕಡಿ ಚೊಚ್ಚಲ ಬಸರಿಗೆ ತವರಿಂದ ಬುತ್ತಿ ಒಯ್ದು ಕುಬಸ ಮಾಡೂದು ಪದ್ಧತಿ. ಆ ಮ್ಯಾಲ ಏಳನೇದರಾಗೋ ಒಂಬತ್ತರಾಗೋ ಹುಡುಗಿ ತವರಿಗೆ ಬರ್ತಾಳ, ಚೊಚ್ಚಲ ಬಾಣಂತನ ತವರಿನದು. ನಾ ಒಂದೇ ಮಗಳ ತಾಯಿ. ಬಾಣಂತಿ ಖೋಲಿಗೆ ಸುಣ್ಣಾ ಹೊಡಿಸಿದ್ದೆ, ಹೊರಸು ತರಿಸಿದ್ದೆ, ನೀರು ಕಾಸಾಕ ಕುಳ್ಳು ಒಟ್ಟಿದ್ದೆ. ಐದನೇ ತಿಂಗಳಿಗೆ ಬುತ್ತಿ ತರ್ತೀವಿ ಅಂತ ಹೇಳಾಕ ಫೋನ್ ಮಾಡಿದ್ರ, ಆಕಿ ಮೊದಲ್ನೇ ಮಾತು, ಸ್ಟೀಲ್ ಡಬ್ಬ್ಯಾಗ ತರಬ್ಯಾಡ್ರಿ, ಆ ಡಬ್ಬ್ಯಾಗಿನ ಬುತ್ತಿ ದವಾಖಾನಿ ಊಟ ಆದಂಗ ಆಗತೈತಿ. ಸ್ಟೀಲ್ ನಮ್ಮ ಹೊಟ್ಟಿಪಾಡು. ಆ ಮಾತಿಗೆ ನನ್ನ ಮೈ ಉರೀತು.

ನನ್ನ ತವರಮನಿ ಘೋಣಸಗಿ. ಲಗ್ನದಾಗ ನಮ್ಮವ್ವ ಕೊಟ್ಟ ಹಿತ್ತಾಳಿ ಬೋಗಾಣಿ ಒಂದು ಅಟ್ಟದ ಮ್ಯಾಲ ಇತ್ತು, ಎರಡು ಕಿವಿ, ಭಾರಾದ ಮುಚ್ಚಳ. ಅದನ್ನ ಇಳಿಸಿದೆ. ಇದರಾಗ ಮೊಸರ ಬುತ್ತಿ ಒಯ್ದು ಆಕಿ ಮುಂದ ದಪ್ಪಂತ ಇಡಬೇಕು, ಬಾಯಿ ಮುಚ್ಚಬೇಕು ಅಂತ ನನ್ನ ಲೆಕ್ಕ. ಹಿತ್ತಾಳಿ ಒಳಗ ಬೆಳ್ಳಗ ಕಲಾಯಿ ಹಾಕಸ್ತಾರ, ಅದು ಹೋತಂದ್ರ ಹುಳಿ ಪದಾರ್ಥ ಅದರಾಗ ಕಿಲುಬು ಹಿಡದು ವಿಷ ಆಗತೈತಿ. ಇದು ಭಾಂಡಿ ಅಂಗಡಿಯವರ ಮನಿ ಬೆಕ್ಕಿಗೂ ಗೊತ್ತು. ನಾ ಏನ ಮಾಡಿದೆ ಅಂದ್ರ, ಲಕಲಕ ಹೊಳೀಲಿ ಅಂತ ಹೊರಗ ಒಳಗ ಎಲ್ಲಾ ಕಡಿ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿದೆ. ಉಳದ ಚೂರು ಪಾರು ಕಲಾಯೀನೂ ಬಂದು ಹೋತು. ಒಳಗೂ ಬಂಗಾರದಂಗ ಹೊಳದದ್ದು ನೋಡಿ ನನಗ ಖುಷಿ. ನಮ್ಮ ಮನಿಯವರು ಅಂಗಡಿಗೆ ಹೊಂಟವರು ನಿಂತು, ಇದಕ್ಕ ಕಲಾಯಿ ಐತೇನು ಅಂತ ಕೇಳಿದ್ರು. ಐತಿ ಅಂದೆ. ಕಲಾಯಿ ಮಾಡಾವನ ಕಡೆ ಕಳಸಿದ್ರ ಎರಡು ದಿನ ಬೇಕಿತ್ತು, ನನಗ ಮರುದಿನ ಹೋಗೂದಿತ್ತು. ಅರ್ಧ ದಿನದ ಮಾತು, ಏನಾಗತೈತಿ ಅನ್ಕೊಂಡೆ.

ಬೆಳಗಿನ ಐದಕ್ಕ ಮೊಸರನ್ನ ಕಲಸಿ ಹಾಕಿದೆ. ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ, ಕರಜಿಕಾಯಿ, ಸಜ್ಜಿ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ ಎಲ್ಲಾ ಬುಟ್ಟಿ ತುಂಬಿ, ಒಂದು ಕ್ರೂಸರ್ ಮಾಡಿಸಿಕೊಂಡು ಹೋದ್ವಿ. ಚೈತ್ರದ ಬಿಸಲು. ಆಕಿ ಬೋಗಾಣಿ ನೋಡಿದ್ಳು. 'ಹಾಂ, ಇದಕ್ಕ ಬುತ್ತಿ ಅಂತಾರ' ಅಂದ್ಳು. ಇಷ್ಟು ವರ್ಷದಾಗ ಆಕಿ ನನಗ ಕೊಟ್ಟ ಶಾಬಾಸಕಿ ಅದೊಂದ. ಎರಡಕ್ಕ ಸವಿತಾನ್ನ ನಡುವ ಕುಂದ್ರಿಸಿ ಓಣಿ ಮುತ್ತೈದ್ಯಾರು ಎಂಟು ಮಂದಿ ಪಂಕ್ತಿಗೆ ಕುಂತ್ರು. ಮೊಸರ ಬುತ್ತಿ ನಾನ ಬಡಿಸಿದೆ. ಮಜ್ಜಿಗಿ ಆಕಿ ಸುರುವಿದ್ಳು. ನಾವಿಬ್ಬರೂ ಉಂಡಿರಲಿಲ್ಲ.

ಅರ್ಧ ತಾಸಿಗೆ ಸುರು ಆತು. ಒಬ್ಬಾಕಿ ಹೊಟ್ಟಿ ಹಿಡಕೊಂಡು ಅಂಗಳಕ್ಕ ಓಡಿದ್ಳು, ಆಕಿ ಹಿಂದ ಇನ್ನೊಬ್ಬಾಕಿ. ಆ ಮ್ಯಾಲ ಸವಿತಾ. ಹಸರ ಸೀರಿ ಉಟ್ಟು, ಮುಡಿ ತುಂಬ ಹೂವು ಮುಡದು, ನನ್ನ ಮಗಳು ಗ್ವಾಡಿ ಹಿಡದು ವಾಂತಿ ಮಾಡಾಕತ್ತಿದ್ಳು. ಹೊಟ್ಟ್ಯಾಗ ಐದು ತಿಂಗಳ ಕೂಸು. ನಾ ಆಕಿ ಬೆನ್ನ ಮ್ಯಾಲ ಕೈ ಇಟ್ಟು ನಿಂತಿದ್ದೆ. ಎಲ್ಲಾರನ್ನೂ ಗಾಡ್ಯಾಗ ಹಾಕ್ಕೊಂಡು ಬಬಲೇಶ್ವರಕ್ಕ ಒಯ್ದ್ರು. ಡಾಕ್ಟರು ಸಲಾಯಿನ್ ಹಚ್ಚಿ, ಊಟದಾಗ ಏನೋ ಕೆಟ್ಟೈತಿ, ಕೂಸಿಗೆ ಧಕ್ಕಿಲ್ಲ ಅಂದ್ರು. ಹೊತ್ತು ಮುಳುಗೂದರಾಗ ಎಲ್ಲಾರೂ ಎದ್ದು ಕುಂತ್ರು. ಶಿವನೇ, ಇವತ್ತ ನೀ ಕಾಯ್ದಿ ಅಂತ ಕೈ ಮುಗದೆ. ಆದ್ರ ಆ ಕೈ ಮುಗಿಯೂ ಮುಂದನ, ತಪ್ಪು ಯಾರ ಮ್ಯಾಲ ಹಾಕಬೇಕು ಅಂತ ನನ್ನ ತಲಿ ಓಡಾಕತ್ತಿತ್ತು. ಸುಳ್ಳ್ಯಾಕ ಹೇಳ್ಲಿ.

ನಿಡೋಣಿಗೆ ತಿರಗಿ ಬಂದಾಗ ಆಕಿ ಅಡಗಿಮನ್ಯಾಗ ಒಬ್ಬಾಕಿನ ಕುಂತಿದ್ಳು. ಮುಂದ ನನ್ನ ಬೋಗಾಣಿ. ಬುತ್ತಿ ಚೆಲ್ಲಿದ್ಳು, ತಳದಾಗ ಹಸರ ಕಲಿ. ಉಗರಿಲೆ ಕೆರದು ನೋಡಿ, ಮೂಸಿ ನೋಡಿ, ನನ್ನ ನೋಡಿದ್ಳು.

"ಬೀಗತ್ಯಾರ, ಇದಕ್ಕ ಕಲಾಯಿ ಎಲ್ಲೈತ್ರಿ?"

"ಐತ್ರಿ. ಬುತ್ತಿಗೇನೂ ಆಗಿಲ್ಲ. ನಿಮ್ಮ ಮಜ್ಜಿಗಿ ಕೆಟ್ಟಿತ್ತು."

ಆಕಿ ಬೋಗಾಣಿ ನನ್ನ ಕಡೆ ಸರಿಸಿದ್ಳು. ಬೈತಾಳ, ಕೂಗತಾಳ ಅಂತ ನಾ ಸೊಂಟ ಕಟ್ಟಿ ನಿಂತಿದ್ದೆ. ಬೈದಿದ್ರ ಚಲೋ ಇತ್ತು, ನಾನೂ ಬೈತಿದ್ದೆ, ಜಗಳ ಹರೀತಿತ್ತು.

"ಯಾರ ಕೈಲೆ ಆತೋ ಅವರ ಬಾಯಿಲೆ ಬರಲಿ. ನನ್ನ ಮುಂದೊಂದ ಅಂದ್ರ ಸಾಕು, ಊರ ಮುಂದ ಬ್ಯಾಡ. ಅಲ್ಲಿತನಾ ಹುಡುಗಿನ್ನ ನಿಮ್ಮ ಮನಿಗೆ ಬಾಣಂತನಕ್ಕ ಕಳಸಂಗಿಲ್ಲ" ಅಂದ್ಳು. ತಪ್ಪು ಮಾಡೂದು ಯಾರಿಗೂ ತಪ್ಪಿಲ್ಲ, ಆದ್ರ ಮುಚ್ಚಿ ಇಡೂ ಕೈಯಾಗ ಹಸಿ ಬಾಣಂತಿ ಕೂಸನ್ನ ಹೆಂಗ ಕೊಡ್ಲಿ ಅಂತ ಇಷ್ಟ ಸೇರಿಸಿದ್ಳು.

ಒಂದ ಮಾತು ಕೇಳಿದ್ಳು. 'ಕಲಾಯಿ ಇರಲಿಲ್ಲ, ನನಗ ಗೊತ್ತಿತ್ತು.' ಅಷ್ಟ. ಅದು ನನ್ನ ಬಾಯಾಗ ಬರಲಿಲ್ಲ. ಗಾಂಧಿ ಚೌಕದ ಭಾಂಡಿ ಸಾವಕಾರ್ತಿ ಕಲಾಯಿ ಇಲ್ಲದ ಬೋಗಾಣ್ಯಾಗ ಬಸರಿ ಮಗಳಿಗೆ ಬುತ್ತಿ ಒಯ್ದಳಂತ, ಅಂತ ನಾಳೆ ಬಜಾರದಾಗ ಆಡಿಕೊಂಡು ನಗ್ತಾರ ಅನ್ನೂದೊಂದು. ಅದಕ್ಕಿಂತ ಹೆಚ್ಚಿಂದು, ಕಪ್ಪು ಮೂಸಿದಾಕಿ ಮುಂದ ತಲಿ ಬಗ್ಗಸೂದು. ನಾ ಬೋಗಾಣಿ ಎತ್ತಿಕೊಂಡು ಗಾಡಿ ಹತ್ತಿದೆ. ಮನಿಗೆ ಬಂದಾಗ ಮನಿಯವರು ಸುದ್ದಿ ಕೇಳಿ ಅದರ ಒಳಗ ಒಮ್ಮೆ ನೋಡಿದ್ರು, ಹೋಗಿ ಹೇಳಿ ಬಾ ಅಂದ್ರು. ಎರಡು ದಿನ ಅವರಿಗೆ ಅಡಗಿ ಮಾಡಲಿಲ್ಲ.

ಏಳನೇ ತಿಂಗಳದಾಗ ಸವಿತಾನ್ನ ಕರಿಯಾಕ ಹೋದೆ. ಚಾ ಕೊಟ್ಳು, ಊಟಾ ಹಾಕಿದ್ಳು, ಎದುರಿಗೆ ಕುಂತು ನನ್ನ ಬಾಯಿ ನೋಡಿದ್ಳು. ನಾ ಮಜ್ಜಿಗಿ ಕಡಿಯೂ ಗಡಿಗಿ ಬಿಸಲಾಗ ಒಣಗಿಸ್ತೀರೋ ಇಲ್ಲೋ ಅಂತ ಕೇಳಿದೆ. ಆಕಿ ಎದ್ದು ಒಳಗ ಹೋದ್ಳು. ಎಂಟರಾಗ ಮತ್ತ ಹೋದೆ. ಆ ಸಲ ಬಾಣಂತಿಗೆ ಏನು ತಿನಸಬೇಕು ಅನ್ನೂದರ ಮ್ಯಾಲ ಹತ್ತಿಕೊಂಡ್ತು. ನಾ ಸಬ್ಬಸಗಿ ಪಲ್ಲೆ ಅಂದೆ, ಆಕಿ ಅದು ಹದಿನೈದು ದಿನ ಆದ ಮ್ಯಾಲ ಅಂದ್ಳು. ನಾ ಅಂಟಿನ ಉಂಡಿಗೆ ಸಕ್ಕರಿ ಅಂದೆ, ಆಕಿ ಬೆಲ್ಲ ಅಂದ್ಳು. ಸಾರಿಗೆ ಬೆಲ್ಲ ನಡಿಯಂಗಿಲ್ಲ, ಉಂಡಿಗೆ ಹೆಂಗ ನಡೀತೈತಿ ಅಂದೆ. ಅಡಗಿ ಬಲ್ಲ ತಾಯಿ, ನೀವ ಹೇಳ್ರಿ ಅಂತ ಆಕಿ ನನಗ ಕೈ ಮುಗದ್ಳು. ಒಂದು ತಾಸು ಹಿಂಗ. ಹೇಳಬೇಕಾದದ್ದು ಮಾತ್ರ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ, ಆಕಿ 'ಬೋಗಾಣಿ' ಅನ್ನೂಕಿಂತ ಮೊದ್ಲ ನಾ 'ಮಜ್ಜಿಗಿ' ಅಂತಿದ್ದೆ.

ಒಂಬತ್ತರಾಗ ಘೋಣಸಗಿಯಿಂದ ನಮ್ಮಣ್ಣನ್ನ ಕರಕೊಂಡು ಹೋದೆ, ಹಿರ್ಯಾ ಮನಶ್ಯಾ ನಾಕು ಮಾತು ಹೇಳ್ತಾನ ಅಂತ. ಅವ ಆಕಿ ಮಾಡಿದ ಬಿಸಿ ರೊಟ್ಟಿ ಐದು ತಿಂದು, ಇಂಥಾ ಊಟಾ ಬಿಟ್ಟು ಹುಡುಗಿ ಪ್ಯಾಟಿಗ್ಯಾಕ ಬರಬೇಕು ಅಂತ ನನಗೇ ತಿರಗಿ ಕೇಳಿದ. ದಾರ್ಯಾಗ ನಾ ಅವನ ಕೂಡ ಮಾತು ಬಿಟ್ಟೆ, ಟಿಕೋಟಾದಾಗ ಅವ ಬ್ಯಾರೆ ಗಾಡಿ ಹಿಡಿಯೂತನಾ ಬಿಟ್ಟೆ.

ಹೆಣ್ಣ ಹುಟ್ಟಿತು. ಬಾಣಂತನ ಆಕೀನ ಮಾಡಿದ್ಳು. ನಾ ಸ್ವಂತ ಮಗಳ ಬಾಣಂತಿ ಖೋಲ್ಯಾಗ ಬಂದ ಮಂದ್ಯಂಗ ಖುರ್ಚಿ ಮ್ಯಾಲ ಕುಂತು, ಕೂಸನ್ನ ಹತ್ತು ಮಿನಿಟು ತೊಡಿ ಮ್ಯಾಲ ಇಟಗೊಂಡು ಬಂದೆ. ಸವಿತಾ ಗುಂಡಗುಂಡಗ ಆಗಿದ್ಳು, ಕೂಸಿನ ಮೈ ಎಣ್ಣಿ ಹಚ್ಚಿ ಹಚ್ಚಿ ಮಿಂಚ್ತಿತ್ತು. ಒಂದು ಕಡ್ಡಿಯಷ್ಟು ತಪ್ಪು ತಗ್ಯಾಕ ಜಾಗಾ ಇಡಲಿಲ್ಲ ಹೆಂಗಸು. ಮನಿಗೆ ಬಂದು ಸುಣ್ಣಾ ಹೊಡಿಸಿದ ಖೋಲ್ಯಾಗ ಬಾಗಲಾ ಹಾಕ್ಕೊಂಡು ಅತ್ತೆ. ಒಟ್ಟಿದ ಕುಳ್ಳು ಹಂಗ ಮಳಿಗೆ ತೊಯ್ದು ಹೋದವು. ಆರು ವರ್ಷ ಆತು. ನನ್ನ ಮಗಳ ಚೊಚ್ಚಲ ಬಾಣಂತನ ಕಸಗೊಂಡಾಕಿ ಅಂತ ಬಂಧು ಬಳಗದಾಗೆಲ್ಲ ಹೇಳ್ಕೋತ ತಿರಗೀನಿ. ಕೇಳಿದವರೆಲ್ಲ ಆಕಿಗೇ ಬೈದಾರ.

ಹೋದ ತಿಂಗಳ ಆಕಿ ಎಮ್ಮಿ ಹಿಂಡಿ ಬಂದು ಕುಂತಾಕಿ ಮ್ಯಾಲ ಏಳಲಿಲ್ಲ. ದಿನದ ಊಟಕ್ಕ ನಿಡೋಣಿಗೆ ಹೋಗಿದ್ದೆ. ಹೆಣಮಕ್ಕಳು ಪಡಸಾಲ್ಯಾಗ ಉಣ್ಣಾಕ ಕುಂತಿದ್ವಿ, ಸವಿತಾ ಬಡಸಾಕತ್ತಿದ್ಳು. ಸತ್ತಾಕಿ ಸುದ್ದಿ ನಡದಿತ್ತು. ಆಕಿ ಯಾರ್ಯಾರಿಗೆ ಏನೇನ ಬೈದಿದ್ಳು ಅಂತ ಒಬ್ಬೊಬ್ಬರ ಹೇಳಿ ನಕ್ಕು, ನಗೂದರಾಗ ಕಣ್ಣು ಒರಸ್ಕೋತಿದ್ರು. ಆಜೂಬಾಜೂದ ಮುದುಕಿ ಒಬ್ಬಾಕಿ, ಏನ ಬೈದ್ರೂ ಆಕಿ ಮಜ್ಜಿಗಿ ಮಾತ್ರ ಮಜ್ಜಿಗಿ, ಆರು ವರ್ಷಾತು ಓಣಿಗೆ ಹಂಥಾ ಮಜ್ಜಿಗಿ ಸಿಗಲಿಲ್ಲ ಅಂದ್ಳು.

ನಾ ಯಾಕ ಅಂತ ಕೇಳಿದೆ.

ಮುದುಕಿ ನನ್ನ ಮಾರಿ ನೋಡಿ, ನಿಮಗ ಗೊತ್ತಿಲ್ಲೇನು, ನಿಮ್ಮ ಮಗಳ ಕುಬಸದ ದಿನ ಆಕಿ ಮಜ್ಜಿಗಿ ಕೆಟ್ಟಿತ್ತಲ್ಲ ಅಂದ್ಳು. ಮರುದಿನ ತಂಬಿಗಿ ತಗೊಂಡು ಬಂದ ಒಬ್ಬೊಬ್ಬರಿಗೂ ಆಕಿ ಹೊಸಲಿನ ಮ್ಯಾಲ ನಿಂತು ಹೇಳಿದ್ಳಂತ, ನನ್ನ ಕೈ ಮಜ್ಜಿಗಿ ಕುಡದು ಬಸರಿ ಹೆಣಮಗಳು ಬಿದ್ದಾಳ, ಇನ್ನ ನಾ ಯಾರಿಗೂ ಕೊಡಂಗಿಲ್ಲ ಅಂತ. ಅವತ್ತಿನಿಂದ ಬೆಣ್ಣಿ ತಗದ ಮಜ್ಜಿಗಿ ಎಮ್ಮಿ ಕಲಗಚ್ಚಿಗೆ ಸುರುವಿಸ್ತಿದ್ಳಂತ. ಸುತ್ತ ಕುಂತ ಹೆಣಮಕ್ಕಳೆಲ್ಲ ಹೌದು ಹೌದು ಅಂದ್ರು.

ಕೈಯಾಗಿನ ತುತ್ತು ತಾಟಿನ್ಯಾಗ ಇಟ್ಟೆ. ಸಿಟ್ಟು ಬಂತು. ಖರೆ ಖರೆ ಅಂತ ಜಲಮಾ ಎಲ್ಲಾ ಬಡಕೊಂಡಾಕಿ, ಓಣಿ ಮುಂದ ನಿಂತು ಇಷ್ಟು ದೊಡ್ಡ ಸುಳ್ಳು ಹೇಳ್ಯಾಳ, ನನಗ ಒಂದ ಮಾತು ತಿಳಿಸಿಲ್ಲ! ನಾ ಆರು ವರ್ಷ ಯಾವ ಸುಳ್ಳು ಹಿಡಕೊಂಡು ಬಡದಾಡೀನೋ, ಅದನ್ನ ಆಕಿ ಮರುದಿನಾನ ತನ್ನ ತಲಿಮ್ಯಾಲ ಹೊತಗೊಂಡಿದ್ಳು.

"ಮಜ್ಜಿಗಿ ಕೆಟ್ಟಿರಲಿಲ್ಲ" ಅಂದೆ. ನನ್ನ ದನಿ ನನಗ ಬ್ಯಾರೆ ಕೇಳಸ್ತು. "ನನ್ನ ಬೋಗಾಣಿಗೆ ಕಲಾಯಿ ಇರಲಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೇ ಒಯ್ದಿದ್ದೆ."

ಮುದುಕಿ ನನ್ನ ಮಣಕಾಲ ಮ್ಯಾಲ ಕೈ ಇಟ್ಟು, ಯವ್ವಾ, ಎಷ್ಟ ದೊಡ್ಡ ಮನಸಬೇ ನಿಂದು, ಸತ್ತಾಕಿ ಹೆಸರು ಉಳಸಾಕ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ ನೋಡ್ರಿ ಅಂದ್ಳು. ಬೀಗತಿ ಅಂದ್ರ ಹಿಂಗಿರಬೇಕು ಅಂತ ಇನ್ನೊಬ್ಬಾಕಿ. ಭಾಂಡಿ ವ್ಯಾಪಾರದವರಿಗೆ ಕಲಾಯಿ ಗೊತ್ತಾಗಂಗಿಲ್ಲೇನು, ಸುಮ್ಮನಿರ್ರಿ ಅಂತ ಮತ್ತೊಬ್ಬಾಕಿ ನಕ್ಕಳು. ನಾ ಖರೇನ ಹೇಳಾಕತ್ತೀನ್ರಿ ಅಂದೆ, ಎರಡು ಸಲ ಅಂದೆ. ಅಂದಂಗಂದಂಗ ಅವರ ಕಣ್ಣಾಗ ನನ್ನ ಮನಸ ದೊಡ್ಡದಾಕ್ಕೋತ ಹೋತು. ಮುದುಕಿ ತನ್ನ ಸೆರಗಿಲೆ ನನ್ನ ಕಣ್ಣು ಒರಸಿದ್ಳು.

ಎಲ್ಲಾರೂ ಎದ್ದ ಮ್ಯಾಲ ಸವಿತಾ ನನ್ನ ಬಾಜೂಕ ಬಂದು ಕುಂತ್ಳು. ಕೈಯಾಗ ಖಾಲಿ ಬುಟ್ಟಿ ಇತ್ತು. ನನ್ನ ಮಾರಿ ನೋಡಲಿಲ್ಲ.

"ನನಗ ಅವತ್ತ ಗೊತ್ತಿತ್ತವ್ವಾ. ಅತ್ತಿ ಹೇಳಿದ್ರು. ಓಣ್ಯಾಗ ನಿಮ್ಮವ್ವನ ಹೆಸರು ಬಂದ್ರ ನಿನ್ನ ಮಾರಿ ಸಣ್ಣದಾಗತೈತಿ, ಅದು ನನ್ನ ಮ್ಯಾಲ ಇರಲಿ ಅಂದ್ರು" ಅಂದ್ಳು. ಬುಟ್ಟಿ ಕೆಳಗ ಇಟ್ಟು, "ನೀ ಕರಿಯಾಕ ಬರ್ತಿ ಅಂತ ಫೋನ್ ಬಂದಾಗೊಮ್ಮೆ ಅತ್ತೀನ ಕುಂತು ನನ್ನ ಗಂಟು ಕಟ್ಟತಿದ್ರು. ಸೀರಿ, ಕೂಸಿನ ಕುಂಚಗಿ, ಅಂಟಿನ ಉಂಡಿ ಡಬ್ಬಿ. ಇವತ್ತ ನಿಮ್ಮವ್ವ ಹೇಳ್ತಾಳ, ನೀ ಗಾಡಿ ಹತ್ತು ಅಂತಿದ್ರು. ನಾ ಸೀರಿ ಉಟ್ಟು ಬಾಗಲಾ ಹಿಂದ ನಿಂತಿರ್ತಿದ್ದೆ" ಅಂದ್ಳು.

ಬುಟ್ಟಿ ಎತ್ತಿಕೊಂಡು ಒಳಗ ಹೋದ್ಳು.

ಮೂರು ಸಲ ಹೋಗಿದ್ದೆ ನಾನು. ಮೂರೂ ಸಲ ಆ ಗಂಟು ಬಾಗಲಾ ಹಿಂದ ಇತ್ತು. ಮೂರೂ ಸಲ ನಾ ಊಟದ ಜಗಳ ಮಾಡಿ, ಒಬ್ಬಾಕಿನ ಗಾಡಿ ಹತ್ತಿ ವಿಜಯಪುರಕ್ಕ ಬಂದೆ.